ಎಂಟು ಪೆಂಟೆ ಬೆಲ್ಲ

ಔರಾದ ಶಹಾಜನಿಯ ಕಸ್ತೂರಬಾಯಿ ಹೊತ್ತ ಹರಕೆ ಸಣ್ಣದಲ್ಲ. ಮೊಮ್ಮಗಳು ಮೀನಲ ಮೊದಲಿನಂತೆ ಉಣ್ಣತೊಡಗಿದರೆ, ಶ್ರಾವಣದ ಕೊನೆಯ ಸೋಮವಾರ ಮಠದಲ್ಲಿ ಅವಳ ತೂಕದಷ್ಟು ಬೆಲ್ಲದ ತುಲಾಭಾರ.

ವರ್ಷದಿಂದ ಹುಡುಗಿ ಅರ್ಧ ರೊಟ್ಟಿ ತಿಂದು, ತಾಟು ತೊಳೆದ ನೀರನ್ನೂ ಕುಡಿದು ಏಳುತ್ತಿದ್ದಳು. ಪ್ರಸಾದ ಒಂದಗುಳೂ ಕೆಡಿಸುವುದಿಲ್ಲ ಎಂದು ಮನೆಮಂದಿಯೆಲ್ಲ ಹೊಗಳಿದರು. ಹೊಗಳಿಕೆ ನಿಂತದ್ದು ಅವಳು ನಿಲಂಗಾದ ಕಾಲೇಜಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದ ಮೇಲೆ.

ಉದಗೀರದ ದವಾಖಾನೆಯಲ್ಲಿ ಆರು ವಾರ ಇರಬೇಕೆಂದರು. ಉಣ್ಣದಿರುವುದೂ ಒಂದು ರೋಗವೆಂದು ಒಪ್ಪಲು ಕಸ್ತೂರಬಾಯಿಗೆ ಒಂದು ವಾರ ಹಿಡಿಯಿತು. ಅವಳು ಬಲ್ಲಂತೆ ಅದಕ್ಕೆ ಉಪವಾಸವೆಂಬ ಮರ್ಯಾದೆಯ ಹೆಸರಿತ್ತು.

ವಾರ್ಡಿನಲ್ಲಿ ತೂಕ ನೋಡುವಾಗ ಮೀನಲಳನ್ನು ಅಂಕಿ ಕಾಣದಂತೆ ಬೆನ್ನು ತಿರುಗಿಸಿ ನಿಲ್ಲಿಸುತ್ತಿದ್ದರು. ತೂಕದ ಮಾತು ಅವಳ ಕಿವಿಗೆ ಬೀಳದಿರಲಿ ಎಂದು ವಾರ್ಡು ನೋಡಿಕೊಳ್ಳುವ ಮನೀಷಾ ಮೇಡಂ ಎರಡು ಸಲ ಎಚ್ಚರಿಸಿದ್ದರು. ಮನೆಯವರು ಅವಳಿಗೆ ಹೇಳಲಿಲ್ಲ. ಉಳಿದವರಿಗೆಲ್ಲ ಹೇಳಿದರು. ಹರಕೆಯ ಬೆಲ್ಲದ ಪೆಂಟೆಗಳನ್ನು, ಆ ದಪ್ಪ ಅಚ್ಚುಗಳನ್ನು, ಮೊದಲೇ ತರಿಸಿಡಬೇಕಲ್ಲ. ಜಳಕೋಟದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಕಿರಿಯ ಮಗ ವೈಜಿನಾಥ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬರೆದ: ಎರಡು ಪೆಂಟೆ ಇನ್ನು ಸಾಲುವುದಿಲ್ಲ, ಶಾಭಾಸ್ ಮೀನಲ. ಕೆಳಗೆ ಹನ್ನೊಂದು ಜನ ಕೈಮುಗಿದಿದ್ದರು. ಗುಂಪಿನಲ್ಲಿ ಮೀನಲಳೂ ಇದ್ದಾಳೆಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಹತ್ತೊಂಬತ್ತನೆಯ ದಿನ ಅವಳು ಸ್ವಂತ ಹೊಣೆಯ ಮೇಲೆ ಹೋಗುತ್ತೇನೆಂದು ಕಾಗದಕ್ಕೆ ಸಹಿ ಹಾಕಿ ಬಸ್ಸು ಹತ್ತಿ ಬಂದುಬಿಟ್ಟಳು. ತಂದೆ ಕಲ್ಯಾಣಪ್ಪ ಅಲ್ಲಿಯ ಸಪ್ಪನೆ ಊಟವನ್ನು ಬೈದ. ತಾಯಿ ದೃಷ್ಟಿ ತೆಗೆದಳು. ಮಧ್ಯಾಹ್ನ ಮೀನಲ ಅರ್ಧ ರೊಟ್ಟಿ ತಿಂದು ತಾಟು ತೊಳೆದು ಕುಡಿದಳು. ಈ ಸಲ ಕಸ್ತೂರಬಾಯಿ ಆ ಖಾಲಿ ತಾಟನ್ನು ನೋಡಿ ಹೊಗಳಲಿಲ್ಲ, ಹೆದರಿದಳು. ಮಂಗಳವಾರದವರೆಗೆ ಹಾಸಿಗೆ ಖಾಲಿ ಇಡುತ್ತೇವೆಂದು ಮನೀಷಾ ಫೋನು ಮಾಡಿದ್ದರು.

ಯಾಕೆ ಬಂದೆ ಎಂದು ಮೊಮ್ಮಗಳನ್ನೇ ಕೇಳಿದವಳು ಮುದುಕಿ ಒಬ್ಬಳೇ.

"ಅಲ್ಲಿ ಒಂದೊಂದ ತುತ್ತು ಅತ್ಕೋತ ನುಂಗೀನಿ, ಆಯಿ. ಇಲ್ಲಿ ನೀವು ನನ್ನ ಮಂದಿ ಮುಂದ ತಕ್ಕಡ್ಯಾಗ ಕೂಡ್ಸವ್ರು. ಛಲೋ ಆದ್ರ ತೂಗ್ತಾರ ಅಂದಮ್ಯಾಲ ನಾ ಯಾಕ ಛಲೋ ಆಗ್ಲಿ?"

ಅತ್ತುಕೊಂಡಾದರೂ ಹುಡುಗಿ ಉಂಡಿದ್ದಳು, ಹರಕೆ ತೀರಿಸಲೇಬೇಕು ಎಂದುಕೊಂಡಳು ಕಸ್ತೂರಬಾಯಿ. ದೇವರಿಗೆ ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯುವ ರೂಢಿ ಆ ಮನೆತನದಲ್ಲಿಲ್ಲ. ಸಂಜೆ ಮಠಕ್ಕೆ ಹೋಗಿ, ಬೆಲ್ಲ ದೇವರಿಗೆ ಮುಟ್ಟಿದರೆ ಸಾಕೋ, ಇಂಥವರೇ ಕೂರಬೇಕೋ ಎಂದು ಗುರುಲಿಂಗ ಸ್ವಾಮಿಗಳನ್ನು ಕೇಳಿದಳು. ಹರಕೆ ಹೊತ್ತವರು ಕೂತರೂ ನಡೆದೀತು ಅಂದರು ಅವರು.

ಸೋಮವಾರ ಮುದುಕಿಯೇ ತಕ್ಕಡಿ ಹತ್ತಿದಳು. ವೈಜಿನಾಥ ತಂದಿದ್ದ ಮೂರು ಪೆಂಟೆ ಇಟ್ಟರೆ ತಕ್ಕಡಿ ಅಲುಗಲಿಲ್ಲ. ಪೇಟೆಗೆ ಓಡಿ ಮತ್ತೆ ತಂದರು. ಮಂದಿ ಮುಸಿಮುಸಿ ನಕ್ಕರು.

"ಎಂಟ ಹತ್ಯಾವ ಅವ್ವಾ," ಅಂದ ಕಲ್ಯಾಣಪ್ಪ, ದನಿ ತಗ್ಗಿಸಿ.

"ಜೋರಲೆ ಹೇಳು. ವೈಜಿನಾಥ, ನಿನ್ನ ಗ್ರೂಪಿನ್ಯಾಗ ಹಾಕು. ನನಗೂ ಒಂದ ಶಾಭಾಸ್ ಬರೀ."

ಕಂಬದ ಬಳಿ ನಿಂತಿದ್ದ ಮೀನಲ, ಅಜ್ಜಿ ಇಳಿಯುವಾಗ ಕೈ ಕೊಟ್ಟಳು. "ನಾಚಿಕಿ ಬರ್ಲಿಲ್ಲೇನ, ಆಯಿ?"

"ಬಂತು. ಕುಂತೆ."

ಮರುದಿನ ಉದಗೀರದ ಬಸ್ಸಿನಲ್ಲಿ ಇಬ್ಬರೂ ಕೂತರು. ಆರು ವಾರ ಮುಗಿಸುತ್ತೇನೆಂದು ಮೀನಲ ಹೇಳಲಿಲ್ಲ, ಕಸ್ತೂರಬಾಯಿ ಕೇಳಲೂ ಇಲ್ಲ. ದಾರಿಯಲ್ಲಿ ಹುಡುಗಿ ಫೋನು ತೆಗೆದು ಮನೆತನದ ಗುಂಪನ್ನು ಬಿಟ್ಟಳು. ಸದ್ಯಕ್ಕೆ ಅವಳು ಬಿಟ್ಟದ್ದು ಅದೊಂದನ್ನೇ.