ಹೊಟ್ಟೆಗೆ ಬಿಗಿದ ಬಟ್ಟೆ

ಮಗ್ಗದ ಪಾವಡಿ ತುಳಿದಾಗ ಗಂಗಾಂಬಿಕಾಳ ಕಿಬ್ಬೊಟ್ಟೆಯೊಳಗಿನ ಭಾರ ಇನ್ನಷ್ಟು ಕೆಳಗಿಳಿಯಿತು. ಲಾಳಿ ಬಿಟ್ಟು, ಕಾಲು ಇಳಿಬಿಟ್ಟು ಕೂತಿದ್ದ ಕುಣಿಯ ಅಂಚು ಹಿಡಿದು ಏಳಲು ನೋಡಿದಳು.

"ಮತ್ತ ಎದ್ದೀ?" ಕಂಡಿಕೆಗೆ ನೂಲು ಸುತ್ತುತ್ತಿದ್ದ ಅತ್ತೆ ದಾನಮ್ಮ ತಲೆಯೆತ್ತಲಿಲ್ಲ. "ಕೃಷ್ಣಾ ಹೊಳಿನ ನಿನ್ನ ಹೊಟ್ಟ್ಯಾಗ ಐತೇನು?"

"ತಡಕೊಳ್ಳಾಕ ಆಗವಲ್ದರಿ."

"ನಾಕು ಹಡದು ನಾ ಇದ ಕುಣ್ಯಾಗ ಕುಂತು ನೇದೇನಿ. ಪಟ್ಟಿ ಸಡ್ಲ ಆಗಿರಬೇಕು, ಬಾ ಇಲ್ಲೆ."

ಬಾಣಂತಿಗೆ ಕಟ್ಟುವ ಹಾಗೆ ಹೊಟ್ಟೆಗೆ ಬಟ್ಟೆ ಬಿಗಿಯುವುದೇ ಈ ಮನೆಯ ಮದ್ದು. ದಿನಾ ಬೆಳಿಗ್ಗೆ ದಾನಮ್ಮ ಸೊಸೆಯ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆಯುತ್ತಿದ್ದಳು. ಎಳೆದಷ್ಟೂ ಒಳಗಿನದನ್ನೆಲ್ಲ ಕೆಳಕ್ಕೆ ನೂಕಿದಂತಾಗುತ್ತಿತ್ತು. ಈಗಲೂ ಎಳೆದಳು.

ಅಷ್ಟರಲ್ಲಿ ಗಂಡ ಪ್ರಭುಲಿಂಗ ಒಳಬಂದ.

"ಸೋಮವಾರ ಮಹಾಲಿಂಗಪುರಕ್ಕ ಹೋಗೂದೈತಿ. ಗರ್ಭಚೀಲ ತಗಸಿಬಿಡೂನು. ದವಾಖಾನ್ಯಾಗ ಮಾತಾಡಿ ಬಂದೇನಿ."

"ನೋವು ಯಾತರದಂತ ಹೇಳಿದ್ರು?"

"ಯಾತರದರ ಇರವಲ್ದ್ಯಾಕ. ಚೀಲನ ಹ್ವಾದಮ್ಯಾಲ ನೋವೆಲ್ಲಿ ಇರತೈತಿ?"

"ನೂಲು ತೀರಿದ ಕಂಡಿಕಿ ಇಟಗೊಂಡು ಏನ್ ಮಾಡ್ತಿ?" ಎಂದಳು ದಾನಮ್ಮ.

ಗಂಗಾಂಬಿಕಾ ಮತ್ತೆ ಕುಣಿಗಿಳಿದಳು. ಹೋದ ತಿಂಗಳು ಮಗಳು ಅಕ್ಷತಾಳ ಜ್ವರಕ್ಕೆಂದು ಜಮಖಂಡಿಗೆ ಹೋಗಿದ್ದಾಗ, ಇವಳು ಒರಗಿ ಕೂತದ್ದನ್ನು ಕಂಡು ಡಾಕ್ಟರಮ್ಮ ತಾವಾಗಿಯೇ ವಿಚಾರಿಸಿದ್ದರು.

"ಗಡ್ಡಿ ಇರಬಹುದು, ಸೋಂಕಿರಬಹುದು, ಉಚ್ಚಿ ಚೀಲದ್ದಿರಬಹುದು, ಗರ್ಭಚೀಲ ಜಾರಿರಬಹುದು. ನೋಡದ ಹೆಂಗ ಹೇಳಲಿ? ಜಾರಿದ್ರೂ ಎಲ್ಲಾರಿಗೂ ಆಪರೇಶನ್ನ ಆಗಬೇಕಂತಿಲ್ಲ. ತಪಾಸಣಿಗೆ ಬಾರವಾ. ಆ ಪಟ್ಟಿ ಮಾತ್ರ ಮದಲ ಬಿಚ್ಚು."

ಅವತ್ತು ಹೊರಗೆ ಪ್ರಭುಲಿಂಗ ಬೈಕಿನ ಹಾರ್ನ್ ಒತ್ತುತ್ತಲೇ ಇದ್ದ. ತಪಾಸಣೆ ಮಾಡಿಸಿಕೊಳ್ಳದೆಯೇ ಎದ್ದು ಬಂದಿದ್ದಳು.

ಈಗ ಮಗ್ಗದ ಹಾಸುನೂಲಿನಲ್ಲಿ ಒಂದೆಳೆ ಹರಿಯಿತು. ಅವಳ ಕೈ ಕತ್ತರಿಗೆ ಹೋಯಿತು.

"ಕತ್ತರಿ ಹಚ್ಚಬ್ಯಾಡ ಬೇ," ಪ್ರಭುಲಿಂಗ ಮಂಡಿಯೂರಿ ಕೂತ. "ಎಲ್ಲಿ ಹರದೈತಿ ಮದಲ ನೋಡೂನು."

ಹಣಿಗೆಯ ಹಲ್ಲುಗಳ ನಡುವೆ ಒಂದೊಂದೇ ಎಳೆಯನ್ನು ಬೆರಳಲ್ಲಿ ಸರಿಸುತ್ತ ಹೋದ. ಸಿಟ್ಟಿಲ್ಲ, ಅವಸರವಿಲ್ಲ. ತುದಿ ಸಿಕ್ಕಿತು. ಎಂಜಲು ಹಚ್ಚಿ ಹೊಸೆದು ಗಂಟು ಹಾಕಿದ.

"ನೋಡ, ಹಿಂಗ ಹುಡುಕಬೇಕು. ನಿನಗ ತಾಳ್ಮಿ ಅನ್ನೂದ ಇಲ್ಲ."

ಆ ಬೆರಳುಗಳನ್ನೇ ನೋಡುತ್ತಿದ್ದ ಗಂಗಾಂಬಿಕಾ ಎದ್ದು ಬಚ್ಚಲಿಗೆ ಹೋದಳು. ಬಾಗಿಲು ಹಾಕಿ ಪಟ್ಟಿ ಬಿಚ್ಚಿದಳು. ಸೊಂಟದ ಸುತ್ತ ಕೆಂಪು ಬರೆ ಮೂಡಿತ್ತು. ಉಸಿರು ಹೊಟ್ಟೆಯ ತಳದವರೆಗೆ ಹೋಯಿತು.

"ಒಳಗ ಏನ್ ಮಾಡಾಕತ್ತೀಬೇ ಇಷ್ಟೊತ್ತ?" ದಾನಮ್ಮನ ದನಿ.

"ಏನಿಲ್ಲರಿ."

ನಾಳೆ ಅವನು ನೂಲು ತರಲು ಹೊರಟ ಮೇಲೆ ಜಮಖಂಡಿ ಬಸ್ಸು ಹತ್ತುವುದು. ನೋವು ಯಾತರದ್ದೆಂದು ತಿಳಿಯುವ ತನಕ ಅವಳ ಪಾಲಿಗೆ ಸೋಮವಾರವಿಲ್ಲ. ಬಟ್ಟೆಯನ್ನು ಮಡಿಸಿ ಬಚ್ಚಲ ಒಲೆಯೊಳಗಿಟ್ಟಳು. ಬಂದು ಕುಣಿಗಿಳಿದು, ಗಂಡ ಹಾಕಿದ ಗಂಟನ್ನು ಒಮ್ಮೆ ಮುಟ್ಟಿ ನೋಡಿ, ಲಾಳಿ ಎಸೆದಳು.