ಕೈಯೋ ಕಾಯೋ

“ಸಮಸ್ತ ನಾಗರಿಕ ಬಂಧುಗಳ ಗಮನಕ್ಕೆ! ನಿಪ್ಪಾಣಿಯ ಇತಿಹಾಸದಲ್ಲಿ ಪ್ರಪ್ರಥಮ ಬಾರಿಗೆ ಒಂದು ಟಿವಿಗೆ ಛತ್ರಿ ಹಿಡಿಯಲಾಗಿದೆ. ರೆಫರಿ ಮ್ಯಾಡಮ್ಮರನ್ನು ಬಿಟ್ಟು ಯಾರೂ ಸದರಿ ಟಿವಿಯ ಸಮೀಪ ಸುಳಿಯತಕ್ಕದ್ದಲ್ಲ. ಅದರ ಮುಂದೆ ಚಾಪೆ ಹಾಸಿ ಕುಂತಿರುವ ಅಕ್ಕವ್ವ ಆಯಿಯವರು ದಯಮಾಡಿ ಏಳಬೇಕು. ಇದರಲ್ಲಿ ಧಾರಾವಾಹಿ ಬರುವುದಿಲ್ಲ!”

ಮೈಕಿನ ಹಾಲಸಿದ್ದ ಇದನ್ನು ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಸಾರಿದ. ಅಕ್ಕವ್ವ ಎರಡೂ ಭಾಷೆಯಲ್ಲಿ ಏಳಲಿಲ್ಲ.

ಮಧ್ಯಂತರ ಮುಗಿಯುತ್ತ ಬಂದಿತ್ತು. ದಾನೇಶ್ವರಿ ಗೆರೆಯಾಚೆ ಕುಕ್ಕುರುಗಾಲಲ್ಲಿ ಕೂತು ಶೂ ಲೇಸು ಬಿಗಿಯುತ್ತಿದ್ದಳು. ಅಥಣಿಯ ಪಿ.ಟಿ. ಟೀಚರು, ಏಳು ವರ್ಷದಿಂದ ಫುಟ್‌ಬಾಲ್ ರೆಫರಿ. ಪೆಂಡಾಲಿನ ಮೊದಲ ಸಾಲಿನಲ್ಲಿ ತೊಡೆಯ ಮೇಲೆ ನೀಲಿ ಫೈಲು ಇಟ್ಟುಕೊಂಡು ಕೂತವರು ವೀಕ್ಷಕ ಹುಸೇನಮಿಯಾ. ಅವರು ಇವತ್ತು ಬರೆಯುವ ವರದಿ ಚೆನ್ನಾಗಿದ್ದರೆ ವೃತ್ತಿಪರ ಲೀಗಿನ ರೆಫರಿಗಳ ಪಟ್ಟಿಯಲ್ಲಿ ಅವಳ ಹೆಸರು. ಉಳಿದಿರುವುದು ಒಂದೇ ಜಾಗ. ಆ ಪಟ್ಟಿಗೆ ಮೂವತ್ತರೊಳಗೆ ಸೇರಬೇಕು. ಶ್ರಾವಣಕ್ಕೆ ಅವಳಿಗೆ ಮೂವತ್ತು. ಒಂದೇ ಒಂದು ದೊಡ್ಡ ತಪ್ಪು ಸಾಕು, ಅವಳು ಜೀವಮಾನವಿಡೀ ಅಥಣಿಯ ಮಕ್ಕಳಿಗೆ ‘ಸಾವಧಾನ್, ವಿಶ್ರಾಮ್’ ಹೇಳುತ್ತ ವಿಶ್ರಾಂತಿಯಿಲ್ಲದೆ ಇರಬಹುದು.

ಟಿವಿಯ ಯೋಜನೆ ತಂಬಾಕಿನ ವ್ಯಾಪಾರಿ ಅಭಿನಂದನನದು. ನಿಪ್ಪಾಣಿ ತಂಡದ ಮಾಲೀಕ. ಹನ್ನೊಂದೂ ಜನ ಆಟಗಾರರಿಗೆ ತಿಂಗಳ ಪಗಾರ ಕೊಡುತ್ತಿದ್ದ. ಹೋದ ವರ್ಷದ ಫೈನಲ್ಲಿನಲ್ಲಿ ರೆಫರಿ ಒಂದು ಪೆನಾಲ್ಟಿ ಕೊಡದೆ ಅವನ ತಂಡ ಸೋತಿತ್ತು. ಅಂದಿನಿಂದ ಅವನಿಗೆ ಮನುಷ್ಯರ ಕಣ್ಣಿನ ಮೇಲೆ ಕಣ್ಣು ಕೆಂಪಾಗಿತ್ತು. ಈ ಸಲ ನಾಲ್ಕು ಕ್ಯಾಮೆರಾ, ಐವತ್ತೈದು ಇಂಚಿನ ಟಿವಿ, ಅದನ್ನು ನಡೆಸಲು ಮದುವೆ ಶೂಟಿಂಗಿನ ವಿಕ್ರಾಂತ, ಡೇರೆಯೊಳಗೆ ಕೂತು ದೃಶ್ಯ ನೋಡಿ ವಾಕಿಟಾಕಿಯಲ್ಲಿ ರೆಫರಿಗೆ ಸುಳಿವು ಕೊಡಲು ಕೊಗನೊಳ್ಳಿಯ ಮರಾಠಿ ಮನೆಮಾತಿನ ಹಳೆಯ ರೆಫರಿ ವಿಠೋಬಾ. ಅನುಮಾನವಿದ್ದರೆ ರೆಫರಿ ತಾನೇ ಟಿವಿ ನೋಡಬಹುದು. ಕೊನೆಯ ಮಾತು ಮಾತ್ರ ರೆಫರಿಯದೇ.

“ಟಿವಿಗಿ ಜಾತಿ ಇಲ್ಲ, ಭಾಷಾ ಇಲ್ಲ, ಸುಳ್ಳ ಅಂತೂ ಹೇಳೂದs ಇಲ್ಲ,” ಎಂದು ಅಭಿನಂದನ ಬೆಳಿಗ್ಗೆ ಟಿವಿಗೆ ಕಾಯಿ ಒಡೆದು ಹೇಳಿದ್ದ.

ಎಂಬತ್ತೆಂಟನೇ ನಿಮಿಷ. ಚಿಕ್ಕೋಡಿ ಒಂದು, ನಿಪ್ಪಾಣಿ ಸೊನ್ನೆ. ನಿಪ್ಪಾಣಿಯ ವಿಶಾಲ ಗೋಲಿನತ್ತ ಚೆಂಡು ಬಾರಿಸಿದ. ಚಿಕ್ಕೋಡಿಯ ಅಮೀರ ಅಡ್ಡ ಹಾರಿದ. ಸರಿಯಾಗಿ ಅದೇ ಗಳಿಗೆಗೆ ದಾನೇಶ್ವರಿಯ ಎದುರಿಗೆ ಯಾರದೋ ಬೆನ್ನು ಬಂತು. ಅವಳಿಗೆ ಕಂಡದ್ದು ಚೆಂಡು ದಿಕ್ಕು ಬದಲಿಸಿದ್ದಷ್ಟೇ. ಎದೆಯೋ, ಭುಜವೋ, ಕೈಯೋ? ಕೈಯಾದರೆ ಪೆನಾಲ್ಟಿ. ಚೆಂಡು ಗೋಲಿನ ಪಕ್ಕದಿಂದ ಗೆರೆ ದಾಟಿತು. ಅವಳು ಮೈದಾನದ ಮೂಲೆಯತ್ತ ಕೈ ತೋರಿಸಿದಳು: ನಿಪ್ಪಾಣಿಗೆ ಕಾರ್ನರ್ ಒದೆತ.

“ಹ್ಯಾಂಡ್‌ರೀ, ಹ್ಯಾಂಡ್! ಕಣ್ಣ ಎಲ್ಲಿ ಇಟ್ಟೀರಿ, ಬಾಯಾರ?” ಜನ ಎದ್ದು ನಿಂತರು.

ಅವಳು ವಾಕಿಟಾಕಿಯ ಗುಂಡಿ ಒತ್ತಿ ವಿಠೋಬಾನನ್ನು ಕೇಳಿದಳು. “ಮಾಮಾ, ಏನರ ಕಂಡಿತೇನ್ರಿ?”

ಕಿವಿಯಲ್ಲಿ ಬರೀ ಕರಕರ. ಪೆಂಡಾಲಿನ ಪಕ್ಕ ಹಲಗೆ ವಾದ್ಯದವರು ಬಡಿತ ಏರಿಸಿದ್ದರು. ಐದರವರೆಗೆ ಎಣಿಸಿದಳು. ಉತ್ತರವಿಲ್ಲ ಅಂದರೆ ತಪ್ಪಿಲ್ಲ ಅಂದುಕೊಂಡಳು. ಅಷ್ಟರಲ್ಲಿ ನಿಪ್ಪಾಣಿಯವರು ಹೊತ್ತು ಮೀರುತ್ತದೆಂದು ಗಡಿಬಿಡಿಯಲ್ಲಿ ಚೆಂಡಿಟ್ಟು ಕಾರ್ನರ್ ಒದ್ದರು. ಚಿಕ್ಕೋಡಿಯ ಗೋಲ್‌ಕೀಪರ್ ಅಮೋಲ ಅದನ್ನು ಎದೆಗವಚಿಕೊಂಡ. ಆಗ ಅವಳ ಕಿವಿಯಲ್ಲಿ ವಿಠೋಬಾನ ದನಿ ಸಿಡಿಯಿತು:

“ಕೈ! ಕೈ!”

ಸೀಟಿ ಅವಳ ಬಾಯಿಗೆ ತಾನಾಗಿ ಹೋಯಿತು. ಊದಿದಳು. ಪೆನಾಲ್ಟಿ ಚುಕ್ಕಿಯತ್ತ ಬೆರಳು ಮಾಡಿದಳು. ಮೈದಾನವೇ ಹಾರಿ ಬಿತ್ತು. ಅಮೀರ ಓಡಿ ಬಂದು ಅವಳ ಮುಂದೆ ಎರಡೂ ಕೈ ಚಾಚಿದ.

“ಅಕ್ಕಾರ, ಹಾರೂ ಮುಂದ ಕೈ ಎಲ್ಲಿ ಇಡ್ಲಿರಿ? ಮನ್ಯಾಗ ಇಟ್ಟ ಬರಬೇಕಾಗಿತ್ತೇನ್ರಿ?”

“ದೂರ ಸರಿ. ಟಿವಿ ನೋಡಿ ಬರ್ತೀನಿ.”

ಅವಳು ಗಾಳಿಯಲ್ಲಿ ಟಿವಿಯ ಚೌಕ ಬರೆದು ಛತ್ರಿಯ ಕಡೆ ಓಡಿದಳು. ಎದುರಿನಿಂದ ಧೋತರ ಎತ್ತಿ ಹಿಡಿದು ವಿಠೋಬಾ ಏದುಸಿರು ಬಿಡುತ್ತ ಬಂದ.

“ಪೋರಿ, ಸೀಟಿ ಯಾಕ ಹೊಡದಿ?”

“ನೀವs ಅಂದ್ರೆಲ್ಲಾ ಮಾಮಾ, ಕೈ, ಕೈ ಅಂತ?”

“ಕೈ ಅಲ್ಲವಾ, ಕಾಯ್! ನೀ ಏನೋ ಕೇಳಿದಿ, ಹಲಗಿ ಸಪ್ಪಳದಾಗ ನನಗ ತಿಳೀಲಿಲ್ಲ. ‘ಕಾಯ್? ಕಾಯ್?’ ಅಂದ್ನಿ. ಏನು, ಏನು ಅಂತ!”

ಮರಾಠಿಯ ‘ಏನು’ ವಾಕಿಟಾಕಿಯೊಳಗೆ ಬರುತ್ತ ದಾರಿಯಲ್ಲಿ ಒಂದು ದೀರ್ಘ ಕಳೆದುಕೊಂಡು ಕನ್ನಡದ ‘ಕೈ’ಯಾಗಿ ಇಳಿದಿತ್ತು. ಅವಳು ಕೊಟ್ಟದ್ದು ಪೆನಾಲ್ಟಿಯಲ್ಲ, ಒಂದು ಪ್ರಶ್ನೆಗೆ ತಪ್ಪು ಉತ್ತರ.

“ಹೋಗಲಿ ಬಿಡು,” ವಿಠೋಬಾ ದನಿ ತಗ್ಗಿಸಿದ, “ಆಮ್ಯಾಲ ನಾ ನೋಡೇನಿ. ಕೈನೂ ಐತಿ!”

ವಿಕ್ರಾಂತ ರೂಢಿಯಂತೆ ದೃಶ್ಯವನ್ನು ನಿಧಾನ ಮಾಡಿ ಬಿಟ್ಟ. ಪರದೆಯ ಮೇಲೆ ಅಮೀರನ ಕೈ, ಮದುಮಗ ಹಾರ ಹಾಕಲು ಎತ್ತಿದ ಕೈಯಂತೆ, ಮೆಲ್ಲಗೆ ಮೇಲೆದ್ದಿತು.

“ನಿಧಾನ ಬ್ಯಾಡೋ. ನಿಧಾನ ಮಾಡಿದ್ರ ಎಲ್ಲಾರೂ ಬೇಕಂತ ಮಾಡಿಧಂಗ ಕಾಣತಾರ. ಇದ್ದ ವೇಗದಾಗ ತೋರಸು,” ಎಂದಳು ದಾನೇಶ್ವರಿ.

ಇದ್ದ ವೇಗದಲ್ಲಿ ಚೆಂಡು ಸುಮ್ಮನೆ ಬಂದು ಬಡಿದಂತಿತ್ತು. ಇನ್ನೊಂದು ಕ್ಯಾಮೆರಾದಲ್ಲಿ ಕೈಯೇ ಹೋಗಿ ಹೊಡೆದಂತಿತ್ತು.

“ನೀ ಏನಂತಿ?” ಅವಳ ಬಾಯಿಂದ ಬಂದುಬಿಟ್ಟಿತು.

“ನನ್ನ ಕೇಳಬ್ಯಾಡ್ರಿ ಮ್ಯಾಡಮ್,” ಎಂದ ವಿಕ್ರಾಂತ. “ಆ ಕಡೆಯಿಂದ ನೋಡಿದ್ರ ಕೈ ಮಾಡ್ಯಾನ. ಈ ಕಡೆಯಿಂದ ನೋಡಿದ್ರ ಬೀಳ್ತಾ ಆಸರ ಹುಡಕ್ಯಾನ.”

“ಎಷ್ಟ ಸಲ ನೋಡ್ತೀಯವಾ ಒಂದs?” ಚಾಪೆಯ ಮೇಲಿಂದ ಅಕ್ಕವ್ವ ಕೇಳಿದಳು. “ಮುಂದಿಂದ ಹಾಕಸು.”

ಮೂರನೇ ಸಲ ದಾನೇಶ್ವರಿ ಚೆಂಡನ್ನು ನೋಡಲಿಲ್ಲ, ಅಮೀರನ ಮೊಣಕೈಯನ್ನಷ್ಟೇ ನೋಡಿದಳು. ಮಡಚಿದ್ದ ಮೊಣಕೈ ಚೆಂಡು ಬರುವ ಹೊತ್ತಿಗೆ ಬಿಚ್ಚಿಕೊಂಡಿತು. ಬೀಳುವವನು ನೆಲಕ್ಕೆ ಕೈ ಚಾಚುತ್ತಾನೆ. ಇವನು ಮೇಲಕ್ಕೆ ಚಾಚಿದ್ದ. ಪೆನಾಲ್ಟಿ ಖರೆ. ಮೊದಲು ಕಾರ್ನರ್ ಕೊಟ್ಟಿದ್ದೇ ಅವಳ ತಪ್ಪು.

ಉಸಿರು ಬಿಡಲು ಹೋದವಳು ತಡೆದಳು.

“ಮಾಮಾ. ಕಾರ್ನರ್ ಹೊಡದ ಆಗೇತಿ.”

ವಿಠೋಬಾನ ಮುಖ ಇಳಿಯಿತು. ಹಳೆಯ ರೆಫರಿ, ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಂತ ಆಟ ಮತ್ತೆ ಶುರುವಾದರೆ ಹಿಂದಿನ ತೀರ್ಪನ್ನು ತಿದ್ದುವಂತಿಲ್ಲ. ಟಿವಿ ಏನೇ ಹೇಳಲಿ, ಕಾರ್ನರ್ ಒದ್ದ ಕ್ಷಣಕ್ಕೇ ಆ ಕೈ ಕೈಮೀರಿ ಹೋಗಿತ್ತು.

“ಸುಮ್ಮ ಇರು,” ಅವನು ಅವಳ ಕಿವಿಯ ಹತ್ತಿರ ಬಂದ. “ಈ ಗದ್ದಲದಾಗ ಕಾರ್ನರ್ ಯಾರಿಗಿ ನೆನಪೈತಿ? ಕೈ ಖರೇ, ಪೆನಾಲ್ಟಿ ಖರೇ. ಈಗ ತಿರುಗಿಸಿದಿ ಅಂದ್ರ ಎರಡ ತಪ್ಪ ನಿನ್ನ ಹೆಸರಿಗಿ. ಸುಮ್ಮ ಇದ್ದಿ ಅಂದ್ರ ಒಂದೂ ಇಲ್ಲ. ಸಾಹೇಬ್ರು ನೋಡಾಕತ್ತಾರ, ಹೋಗು.”

ಅವಳು ಪೆಂಡಾಲಿನತ್ತ ನೋಡಿದಳು. ಹುಸೇನಮಿಯಾ ಕನ್ನಡಕವನ್ನು ಹಣೆಗೇರಿಸಿ ಅವಳನ್ನೇ ನೋಡುತ್ತಿದ್ದರು. ಪೆನ್ನು ಫೈಲಿನ ಮೇಲೆ ನಿಂತಿತ್ತು. ಅವರಿಗೆ ಕಾರ್ನರ್ ನೆನಪಿದೆಯೋ ಇಲ್ಲವೋ, ಮುಖದಿಂದ ಏನೂ ತಿಳಿಯುವಂತಿರಲಿಲ್ಲ.

ಮೈದಾನದೊಳಕ್ಕೆ ಅವಳು ಓಡಲಿಲ್ಲ, ನಡೆದಳು. ವಿಶಾಲ ಆಗಲೇ ಚುಕ್ಕಿಯ ಮೇಲೆ ಚೆಂಡಿಟ್ಟು, ಹಿಂದೆ ಹಿಂದೆ ಹೆಜ್ಜೆ ಎಣಿಸುತ್ತಿದ್ದ. ದಾನೇಶ್ವರಿ ಬಾಗಿ ಚೆಂಡನ್ನು ಎತ್ತಿಕೊಂಡಳು.

“ಪೆನಾಲ್ಟಿ ಇಲ್ಲ.”

ಹಲಗೆ ನಿಂತಿತು. ಅಭಿನಂದನ ಗೆರೆಯ ತನಕ ಓಡಿ ಬಂದ.

“ಯಾಕ್ರಿ? ಟಿವ್ಯಾಗ ಕೈ ಕಾಣಲಿಲ್ಲೇನ್ರಿ?”

“ಕಂಡೈತ್ರಿ.”

“ಬೇಕಂತ ಮಾಡ್ಯಾನಿಲ್ರಿ?”

“ಮಾಡ್ಯಾನ್ರಿ.”

“ಮತ್ತ?”

“ನಡುವ ಕಾರ್ನರ್ ಹೊಡದ ಆತ್ರಿ. ಆಟ ಮತ್ತ ಚಾಲೂ ಆದ ಮ್ಯಾಲ ಹಿಂದಿಂದ ತಿದ್ದಾಕ ಬರೂದಿಲ್ರಿ. ತಪ್ಪ ಸೀಟಿ ಹೊಡದಾಕಿ ನಾನs.”

“ಆ ಸುಡಗಾಡ ಕಾರ್ನರ್ ಯಾರಿಗಿ ಬೇಕಾಗಿತ್ರಿ?”

“ನಿಮ್ಮ ಹುಡುಗೂರs ಗಡಿಬಿಡಿ ಮಾಡಿ ಹೊಡದಾರ್ರಿ.”

ಅಭಿನಂದನ ತನ್ನ ಪಗಾರಿನ ಹುಡುಗರ ಕಡೆ ತಿರುಗಿದ. ಕಾರ್ನರ್ ಒದ್ದವನು ಸಾಕ್ಸು ಎಳೆದುಕೊಳ್ಳತೊಡಗಿದ. “ಐವತ್ತೈದ ಇಂಚ!” ಎಂದು ಅಭಿನಂದನ ಯಾರಿಗೂ ಅಲ್ಲದಂತೆ ಅಂದ. ಹಾಲಸಿದ್ದ ಮೈಕ್ ಬಾಯಿಗೆ ಹಿಡಿದಿದ್ದ. ಯಾವ ಭಾಷೆಯಲ್ಲೂ ಮಾತು ಸಿಗದೆ ಅವನ ಉಸಿರಷ್ಟೇ ನಾಲ್ಕೂ ಕಂಬದ ಸ್ಪೀಕರುಗಳಲ್ಲಿ ಕೇಳುತ್ತಿತ್ತು. ಪೂರ್ವದ ಮೆಟ್ಟಿಲುಗಳಿಂದ ಒಂದು ನೀರಿನ ಬಾಟಲಿ ಹಾರಿ ಬಂದು ಅವಳಿಗೆ ಹತ್ತು ಮಾರು ದೂರ ಬಿತ್ತು. ಇನ್ನೊಂದು ಐದು ಮಾರು.

ಸೀಟಿ ಊದಿದಾಗ ಚೆಂಡು ಅಮೋಲನ ಎದೆಯಲ್ಲಿತ್ತು. ಆದ್ದರಿಂದ ಆಟ ಮತ್ತೆ ಶುರುಮಾಡಲು, ನಿಯಮದಂತೆ, ಅದನ್ನು ಅವನೆದುರಿಗೇ ಬೀಳಿಸಬೇಕು. ಉಳಿದವರನ್ನೆಲ್ಲ ಅವಳು ದೂರ ನಿಲ್ಲಿಸಿದಳು. ಅಮೋಲ ಮೊಣಕಾಲು ಬಗ್ಗಿಸಿ ಕಾದ. ಪೆಂಡಾಲಿನ ಕಡೆ ಅವಳು ತಿರುಗಲಿಲ್ಲ. ಎರಡೂ ಕೈಯಲ್ಲಿ ಹಿಡಿದ ಚೆಂಡನ್ನು ಸೊಂಟದ ಮಟ್ಟಕ್ಕೆ ತಂದು, ಬೆರಳು ಬಿಡಿಸಿದಳು. ಅದು ಕರಿಮಣ್ಣಿನ ಮೇಲೆ ಬಿದ್ದು, ಒಂದಿಷ್ಟು ಧೂಳೆಬ್ಬಿಸಿ, ಅವಳ ಬರಿಗೈಗಳ ಕಡೆಗೆ ಅರ್ಧ ಏರಿತು.