ಮೂರನೇ ಬೀರು, ಕೆಳಗಿನ ಖಾನೆ

ಗಾಜಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆರಳಚ್ಚು ಮಾಡಿ ನಿವೃತ್ತರಾದವರನ್ನು ಎಲ್ಲರೂ ಟೈಪಿಸ್ಟ್ ಅಕ್ಕ ಎಂದೇ ಕರೆಯುತ್ತಿದ್ದರು. ಅಕ್ಕ ತಮ್ಮ ಬಾಯಿಗೆ ಬೀಗ ಜಡಿದು ಕೀಲಿಕೈ ನುಂಗಿಬಿಟ್ಟಿದ್ದಾರೆ ಎಂದು ಕುಲುಮೆಯವರು ನಗೆಯಾಡುತ್ತಿದ್ದರು.

ಒಂದು ಬೆಳಿಗ್ಗೆ ಕುಲುಮೆ ಮೇಸ್ತ್ರಿ ಒಬ್ಬ ವಕೀಲೆಯನ್ನು ಅಕ್ಕನ ಮನೆಗೆ ಕರೆದುಕೊಂಡು ಬಂದರು. ಮೇಸ್ತ್ರಿಯನ್ನು ಕಂಡದ್ದೇ ತಡ, ಅಕ್ಕನಿಗೆ ಹಳೆಯ ದಿನಗಳು ಕಣ್ಣಿಗೆ ಕಟ್ಟಿದವು. ಕಾವಿನಲ್ಲಿ ಬೆಂದು ಬಂದವರು ಟೈಪಿಂಗ್ ಕೋಣೆಯ ಕಿಟಕಿಯ ಬಳಿ ನಿಂತು ಗಟಗಟನೆ ನೀರು ಕುಡಿಯುತ್ತಿದ್ದರು. "ನಿಮ್ಮ ಮಷಿನ್ನು ನಮ್ಮ ಮ್ಯಾನೇಜರಿಗಿಂತ ಜಾಸ್ತಿ ಬಯ್ಯುತ್ತೆ ಅಕ್ಕ" ಎಂದು ಇದೇ ಮೇಸ್ತ್ರಿ ರೇಗಿಸುತ್ತಿದ್ದರು.

"ನಮ್ಮ ಮೊದಲ ಎಂಟು ವರ್ಷ ಪಿಂಚಣಿಗೆ ಸೇರಲ್ವಂತೆ. ಹಂಗಾಮಿ ಕೆಲಸವಂತೆ" ಎಂದರು ಮೇಸ್ತ್ರಿ.

"ಸೇರಿಸೋದಾಗಿ ಆಡಳಿತ ಮಂಡಳಿ ಆಗಲೇ ತೀರ್ಮಾನಿಸಿತ್ತು ಅಂತ ಕೇಳಿದ್ದೀವಿ" ಎಂದರು ವಕೀಲೆ. "ಈಗ ಕಾರ್ಖಾನೆಯವರು ಅಂಥ ಕಾಗದವೇ ಇಲ್ಲ ಅಂತಾರೆ. ಮಂಡಳಿಯ ಕಾಗದಗಳನ್ನ ಟೈಪ್ ಮಾಡ್ತಿದ್ದೋರು ನೀವೇ ಅಲ್ವಾ?"

'ಗೋಪ್ಯ' ಎಂದು ಮುದ್ರೆ ಒತ್ತಿದ ಆ ಹಾಳೆ ಅಕ್ಕನಿಗೆ ಚೆನ್ನಾಗಿ ನೆನಪಿತ್ತು. "ಈ ಕೋಣೆಯ ಮಾತು ಇಲ್ಲೇ ಇರಲಿ ತಾಯಿ" ಎಂದು ಹಳೆಯ ಮ್ಯಾನೇಜರು ಮಾತು ತೆಗೆದುಕೊಂಡಿದ್ದರು.

"ಅದರಲ್ಲಿ ಏನಿತ್ತು ಅಂತ ನಾನು ಹೇಳಲ್ಲ."

"ಬಿಡಿ ಮೇಡಂ. ಹೇಳಿಬಿಟ್ರೆ ಅವರು ನಮ್ಮ ಅಕ್ಕನೇ ಅಲ್ಲ" ಎಂದು ಮೇಸ್ತ್ರಿ ಎದ್ದರು.

ಕುಲುಮೆಯಲ್ಲಿ ಸುಟ್ಟು ಮರಗಟ್ಟಿದ ಮೇಸ್ತ್ರಿಯ ಬೆರಳುಗಳಿಗೆ ಗೇಟಿನ ಚಿಲಕ ಸಿಗಲಿಲ್ಲ. ಅವರು ತಡಕಾಡುವುದನ್ನು ನೋಡಿ ಅಕ್ಕ ಹೊಸಿಲಿಗೆ ಬಂದರು.

"ಕಾಗದ ಎಲ್ಲಿದೆ ಅಂತ ಹೇಳಿದ್ರೆ ಮಾತಿಗೆ ತಪ್ಪಿದ ಹಾಗಾಗುತ್ತಾ?" ಎಂದು ವಕೀಲೆಯನ್ನು ಕೇಳಿದರು.

"ಇಲ್ಲಮ್ಮ. ತರಿಸೋದು ಕೋರ್ಟು. ಮೊದಲು ನ್ಯಾಯಾಧೀಶರು ಒಬ್ಬರೇ ಓದ್ತಾರೆ. ಬೇರೆಯವರ ಗುಟ್ಟಿದ್ರೆ ಮುಚ್ಚೇ ಇಡ್ತಾರೆ."

"ಹಾಗಾದ್ರೆ ಬರ್ಕೊಳ್ಳಿ. ದಫ್ತರದ ಕೋಣೆ, ಮೂರನೇ ಬೀರು, ಕೆಳಗಿನ ಖಾನೆ. ನೀಲಿ ಬಟ್ಟೆ ಸುತ್ತಿದ ಕಡತ."

ಕೋರ್ಟಿನ ಆಜ್ಞೆಯಾಯಿತು, ಕಡತ ಅಲ್ಲೇ ಸಿಕ್ಕಿತು. ಎಂಟು ವರ್ಷ ಲೆಕ್ಕಕ್ಕೆ ಸೇರಿದವು, ತೀರಿಕೊಂಡವರ ಹೆಂಡತಿಯರಿಗೂ ಪಾಲು ಬಂತು.

ಸುದ್ದಿ ಹೇಳಲು ಬಂದ ಮೇಸ್ತ್ರಿ ಕುರ್ಚಿಯಲ್ಲಿ ಹಾಯಾಗಿ ಕೂತರು. "ಅಷ್ಟು ವರ್ಷ ಎಲ್ಲಾ ಗೊತ್ತಿದ್ದೂ ಒಂದು ಮಾತು ಆಡಲಿಲ್ಲವಲ್ಲ ಅಕ್ಕ."

"ನಿಮಗೆ ಹೇಳಿದ್ರೆ ಊರಿಗೇ ಡಂಗುರ ಸಾರ್ತಿದ್ರಿ."

ಅದು ನಿಜವೇ ಎಂದು ಮೇಸ್ತ್ರಿ ಒಪ್ಪಿಕೊಂಡರು. ಆಮೇಲೆ ಇಬ್ಬರೂ ಕುಲುಮೆಯ ಹಳೆಯ ಪಾಳಿಯವರನ್ನು ಒಬ್ಬೊಬ್ಬರಾಗಿ ನೆನಪಿಸಿಕೊಳ್ಳತೊಡಗಿದರು. ಮಧ್ಯಾಹ್ನ ಕಳೆದರೂ ಯಾರೂ ಮೇಲೇಳಲಿಲ್ಲ.